ಡಬ್ಬದೊಳಗಿನ ರೂಟರ್

ಇಪ್ಪತ್ತೊಂದು ದಿನ ನಾನು ನನ್ನ ತಂಗಿಗೆ ಒಂದು ಮಾತು ಹೇಳಲಿಲ್ಲ. ಹೇಳಲು ಅರ್ಧ ನಿಮಿಷ ಸಾಕಿತ್ತು. ಮರೆತೆ ಎನ್ನುವ ಹಾಗೂ ಇಲ್ಲ, ದಿನಕ್ಕೆ ನಾಲ್ಕು ಸಲ ಅದು ನೆನಪಾಗುತ್ತಿತ್ತು. ನಮ್ಮ ಮನೆಯ ವೈಫೈ ತಾನಾಗಿ ಕೆಟ್ಟಿದ್ದಲ್ಲ, ಕೆಡಿಸಿದವನು ನಾನು ಎಂಬುದೇ ಆ ಮಾತು. ಅದನ್ನು ನುಂಗಿಕೊಂಡು, ಹೊಸ ರೂಟರ್ ತರಿಸಿ ಎಲ್ಲ ಮುಚ್ಚಿಬಿಡಬಹುದು ಎಂದು ಕಾಯುತ್ತಾ ಕುಳಿತೆ.

ನಾನು ಓದಿದ್ದು ಏಳನೆಯ ತರಗತಿಯವರೆಗೆ. ಏಳನೆಯದನ್ನು ಎರಡು ಸಲ ಓದಿದ್ದರಿಂದ ಒಟ್ಟು ಎಂಟು ವರ್ಷ ಓದಿದ್ದೇನೆ ಎಂದು ಹೇಳಿಕೊಳ್ಳುವುದುಂಟು. ಈ ಬರಹದ ಕಾಗುಣಿತವನ್ನು ತಿದ್ದಿದವಳು ತಂಗಿಯೇ. ಕಾಗುಣಿತ ಬಿಟ್ಟು ಬೇರೇನನ್ನೂ ಮುಟ್ಟಿಲ್ಲ ಎಂದು ಹೇಳುತ್ತಾಳೆ.

ಶಿಕಾರಿಪುರದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದು ಮೊಳ ದಪ್ಪದ ಮಣ್ಣಿನ ಗೋಡೆ. ಬೆಳಿಗ್ಗೆ ಅಕ್ಕಿ, ರಾಗಿ ಬೀಸುವವರು ಬರುತ್ತಾರೆ. ಮಧ್ಯಾಹ್ನಕ್ಕೆ ತಾಳಗುಂದದ ಕಡೆಯವರು ದನದ ತಿಂಡಿಗೆಂದು ಮೆಕ್ಕೆಜೋಳದ ಚೀಲ ತಂದು ಇಳಿಸುತ್ತಾರೆ. ಮನೆಯಲ್ಲಿ ನಾವು ಮೂವರು, ನಾನು, ನನ್ನ ಹೆಂಡತಿ, ನನ್ನ ತಂಗಿ. ತಂಗಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಗಿರಣಿ ಓಡುವಾಗ ನಾವೆಲ್ಲ ಕಿರುಚಿ ಕಿರುಚಿ ಗಂಟಲು ಹರಿದುಕೊಳ್ಳುತ್ತಿದ್ದರೆ, ಅವಳೊಬ್ಬಳು ಮಾತ್ರ ಆರಾಮಾಗಿ ಕೈಯಲ್ಲಿ ಮಾತಾಡಿಕೊಂಡಿರುತ್ತಾಳೆ. ಜೋಳ ಬೀಸಿಸಲು ಬಂದ ಎಷ್ಟೋ ಹೆಂಗಸರು ಅವಳಿಂದ ನಾಲ್ಕಾರು ಕೈಮಾತು ಕಲಿತು ಹೋಗಿದ್ದಾರೆ. ಆ ಗದ್ದಲದಲ್ಲಿ ಅದೇ ಅನುಕೂಲ. ನನ್ನ ಹೆಸರಿಗೆ ಅವಳ ಕೈಯಲ್ಲಿರುವುದು ಮೂಗಿನ ತುದಿಯ ಹಿಟ್ಟು ಒರೆಸುವ ಸನ್ನೆ. ನಮ್ಮ ಓಣಿಯ ಅರ್ಧ ಜನ ಈಗ ನನ್ನನ್ನು ಹಾಗೇ ಕರೆಯುತ್ತಾರೆ.

ಅಪ್ಪ ಅವಳನ್ನು ಕಿವುಡ ಮಕ್ಕಳ ಶಾಲೆಗೆ ಹಾಕಿದ್ದರು. ಹಾಸ್ಟೆಲಿನಲ್ಲಿದ್ದು ಹತ್ತನೆಯವರೆಗೆ ಓದಿದಳು. ಅಲ್ಲಿ ಅವಳಿಗೆ ಸಿಕ್ಕ ಗೆಳತಿ ಸೊರಬದ ಕಡೆಯವಳು. ಗೆಳತಿ ಓದನ್ನು ನಡುವೆಯೇ ಬಿಟ್ಟಳು, ಉಳವಿಗೆ ಮದುವೆಯಾಗಿ ಹೋದಳು. ನನ್ನ ತಂಗಿ ಮದುವೆ ಬೇಡವೆಂದು ಇಲ್ಲೇ ಉಳಿದು, ಧಾನ್ಯ ಹಸನು ಮಾಡುತ್ತಾ, ಸೀರೆಗೆ ಕುಚ್ಚು ಕಟ್ಟುತ್ತಾ ಇದ್ದಾಳೆ. ಇಬ್ಬರ ಮಾತು ಮಾತ್ರ ನಿಂತಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಉಳವಿಯಿಂದ ವಿಡಿಯೊ ಕರೆ ಬರುತ್ತಿತ್ತು. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟು ಇಬ್ಬರೂ ಕೈ ಬೀಸಲು ಶುರು ಮಾಡಿದರೆ ಮುಗಿಯಿತು. ಉಳವಿ ಬಸ್ಸಿನಲ್ಲಿ ಯಾರ ಕಾಲನ್ನು ಯಾರು ತುಳಿದರು, ಗೆಳತಿಯ ಅತ್ತೆ ಯಾವ ಹಬ್ಬಕ್ಕೆ ಯಾರ ಮೇಲೆ ಮುನಿಸಿಕೊಂಡರು, ಎಲ್ಲ ಸುದ್ದಿಯೂ ಸಂಜೆಯೊಳಗೆ ತಂಗಿಯ ಕೈಯಿಂದ ನನಗೆ ತಲುಪುತ್ತಿತ್ತು.

ಬರೆದು ಕಳಿಸಿದರೆ ಆಗದೇ ಎಂದು ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಗೆಳತಿಗೆ ಅಕ್ಷರ ಕಷ್ಟ. 'ಊಟ ಆಯ್ತಾ', 'ಹೂಂ ಆಯ್ತು' ಎನ್ನುವಷ್ಟು ಬರೆಯುತ್ತಾಳೆ. ಹುಬ್ಬು ಏರಿಸಿ, ಗಲ್ಲ ಉಬ್ಬಿಸಿ, ಭುಜ ಕುಣಿಸಿ ಹೇಳುವ ಸಂಗತಿಗಳನ್ನು ಬರೆಯುವುದು ಹೇಗೆ? ನಮಗೆ ಫೋನಿನಲ್ಲಿ ಚಿತ್ರ ನಿಂತರೆ ದನಿಯಾದರೂ ಕೇಳುತ್ತದೆ. ಅವರಿಗೆ ಚಿತ್ರ ನಿಂತರೆ ಮಾತೇ ನಿಂತ ಹಾಗೆ.

ನಮ್ಮ ಓಣಿಯಲ್ಲಿ ಮೊಬೈಲ್ ಸಿಗ್ನಲ್ ಒಂದು ಕಡ್ಡಿ ಬಂದರೆ ಹೆಚ್ಚು. ಹಾಗಾಗಿ ಕೇಬಲ್‌ನವರಿಂದ ವೈಫೈ ಹಾಕಿಸಿದೆವು. ತಂಗಿಗಾಗಿ ಹಾಕಿಸಿದ್ದು ಎಂದು ಎಲ್ಲರಿಗೂ ಹೇಳಿದೆ, ಆದರೆ ರೂಟರನ್ನು ಹೊಡೆಸಿದ್ದು ಗಿರಣಿಯಲ್ಲಿ, ನಾನು ಕೂರುವ ಸ್ಟೂಲಿನ ಮೇಲಿನ ಗೋಡೆಗೆ. ಕಬಡ್ಡಿ ನೋಡುವ ಚಟ ನನಗೆ. "ನಡುಮನೇಲಿ ಹಾಕ್ಸಿದ್ರೆ ಎಲ್ರಿಗೂ ಬರ್ತಿತ್ತಲ್ರೀ," ಎಂದಳು ಹೆಂಡತಿ. ನಾನು ಕೇಳಿಸಿಕೊಳ್ಳಲಿಲ್ಲ. ನಮ್ಮ ಮನೆಯಲ್ಲಿ ನಿಜವಾದ ಕಿವುಡ ಯಾರು ಎಂದು ಅವಳು ಆಗಾಗ ಕೇಳುವುದುಂಟು.

ನಾಲ್ಕು ತಿಂಗಳಿಗೆ ರೂಟರ್ ಸತ್ತಿತು. ಕೇಬಲ್‌ನವರು ಬಂದರು. ಸೊರಬದ ಮನುಷ್ಯ, ಒಳ್ಳೆ ಮೈಕಟ್ಟು, ಏಣಿ ಹತ್ತಿದರೆ ಏಣಿಯೇ ನರಳುತ್ತದೆ. ರೂಟರನ್ನು ಬಿಚ್ಚಿ ಅಂಗೈ ಮೇಲೆ ತಟ್ಟಿದರು. ಹಿಟ್ಟು ಸುರಿಯಿತು.

"ಎಂಥದ್ರೀ ಮಾರಾಯ್ರೆ, ಇದಕ್ಕೆ ದಿನಾ ಊಟ ಹಾಕ್ತಿದ್ರಾ? ಎರಡು ರೊಟ್ಟಿಗಾಗೋ ಅಷ್ಟು ಹಿಟ್ಟಿದೆ!"

ಬೇರೆ ರೂಟರ್ ಹಾಕಿ, "ಹಿಟ್ಟು ತಾಗ್ದಂಗೆ ಇಟ್ಕೊಳ್ಳಿ," ಎಂದು ಹೇಳಿ ಹೋದರು.

ಗಿರಣಿಯವನಿಗೆ ಹಿಟ್ಟು ತಾಗದ ಹಾಗೆ ಇಡುವುದೆಂದರೆ ಒಂದೇ ಅರ್ಥ, ಡಬ್ಬ. ನಮ್ಮ ಗಿರಣಿಯಲ್ಲಿ ಎಲ್ಲವೂ ಡಬ್ಬದಲ್ಲೇ ವಾಸ. ಪಾನಾ, ಸ್ಕ್ರೂಡ್ರೈವರು ಒಂದು ಡಬ್ಬದಲ್ಲಿ, ಲೈಟ್ ಬಿಲ್ಲುಗಳು ಒಂದರಲ್ಲಿ, ನನ್ನ ಕನ್ನಡಕ ಒಂದರಲ್ಲಿ, ದೇವರ ಊದುಬತ್ತಿಯೂ ಒಂದರಲ್ಲಿ. ನಾನು ಅಡುಗೆ ಎಣ್ಣೆಯ ದೊಡ್ಡ ತಗಡಿನ ಡಬ್ಬವೊಂದನ್ನು ತೊಳೆದು, ಒಂದು ಬದಿ ಕತ್ತರಿಸಿ ಕೀಲು ಕೂರಿಸಿ ಬಾಗಿಲು ಮಾಡಿದೆ. ಹಿಂದೆ ವೈರಿಗೆ ತೂತು ಕೊರೆದೆ. ಒಳಗೆ ಹಲಗೆ ಹಾಕಿ, ಹೊರಗೆ ನೀಲಿ ಬಣ್ಣ ಬಳಿದೆ. ರೂಟರಿನ ಎರಡು ಆಂಟೆನಾ ಕೋಲುಗಳನ್ನು ಮಡಚಿ ಒಳಗೆ ಮಲಗಿಸಿ ಬಾಗಿಲು ಹಾಕಿದರೆ ಒಂದು ಕಣ ಹಿಟ್ಟು ಹೋಗುವಂತಿರಲಿಲ್ಲ. ಬಂದವರಿಗೆಲ್ಲ ತೋರಿಸಿದೆ. ತಾಳಗುಂದದ ಒಬ್ಬರು, "ಇಂಥದೊಂದು ನಮ್ಮ ಮನಿ ಟಿವಿಗೂ ಮಾಡಿಕೊಡ್ರಿ," ಎಂದರು. ಅದು ಗೇಲಿಯೋ ಮೆಚ್ಚುಗೆಯೋ ಎಂದು ನಾನು ಯೋಚಿಸಲೇ ಇಲ್ಲ.

ಅಂದಿನಿಂದ ತಂಗಿಯ ಫೋನಿನಲ್ಲಿ ಉಳವಿ ನಿಂತು ನಿಂತು ಬರತೊಡಗಿತು. ಗೆಳತಿಯ ಕೈ ಅರ್ಧ ಮೇಲೆ ಹೋಗುತ್ತದೆ, ಅಲ್ಲೇ ನಿಲ್ಲುತ್ತದೆ, ಮುಖ ಚೌಕ ಚೌಕವಾಗಿ ಒಡೆಯುತ್ತದೆ. ತಂಗಿ ಬಂದು ಮೂಗು ಒರೆಸುವ ಸನ್ನೆ ಮಾಡಿ ನನ್ನನ್ನು ಕರೆದು ತೋರಿಸಿದಳು. ನಾನು ಡಬ್ಬದ ಬಾಗಿಲು ತೆಗೆದು ನೋಡಿದೆ. ಹಸಿರು ದೀಪಗಳು ಚೆನ್ನಾಗಿ ಉರಿಯುತ್ತಿದ್ದವು. ನನ್ನ ಕಬಡ್ಡಿಯೂ ಚೆನ್ನಾಗಿ ಓಡುತ್ತಿತ್ತು.

"ರೂಟರ್ ಸರಿ ಐತೆ. ಇವಳ ಫೋನೇ ಡಬ್ಬ," ಎಂದೆ.

"ಏನ್ರೀ, ಆ ರೂಟರ್ ಬದ್ಲಿ ಮಾಡ್ಸೋಕೆ ಏನು ಧಾಡಿ ನಿಮ್ಗೆ? ದೊಡ್ಡದೊಂದು ತರ್ಸಿ," ಎಂದಳು ಹೆಂಡತಿ.

"ಅದು ಹೊಸದೇ ಕಣೇ. ಫೋನು ಡಬ್ಬ ಅಂದ್ನಲ್ಲ."

"ನಿಮ್ಮದೊಂದು ಬಿಟ್ಟು ಊರಿನೋರ್ದೆಲ್ಲಾ ಡಬ್ಬನೇ ನಿಮ್ಗೆ."

ತಂಗಿ ನಮ್ಮಿಬ್ಬರ ತುಟಿಗಳನ್ನು ನೋಡುತ್ತಾ ನಿಂತಿದ್ದಳು. ಮುಂದಿನ ತಿಂಗಳು ಕುಚ್ಚು ಕಟ್ಟಿದ ದುಡ್ಡಿನಲ್ಲಿ ಹೊಸ ಫೋನು ತಂದಳು. ಅದರಲ್ಲೂ ಉಳವಿ ನಿಂತೇ ಬಂತು. ಆಗ ನಾನು, "ಹಂಗಾದ್ರೆ ಉಳವಿ ಕಡೆನೇ ನೆಟ್ ಸರಿ ಇಲ್ಲ," ಎಂದು ತೀರ್ಪು ಕೊಟ್ಟೆ. ಇಷ್ಟೆಲ್ಲ ಹೇಳುವಾಗ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅಲ್ಲಿಯವರೆಗಿನದು ಬರೀ ದಡ್ಡತನ. ದಡ್ಡತನಕ್ಕೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ಒಂದು ಸೋಮವಾರ, ಗಿರಣಿಗೆ ರಜೆ. ಹೆಂಡತಿ ತಂಗಿಯನ್ನು ಕರೆದುಕೊಂಡು ಅಂಜನಾಪುರಕ್ಕೆ, ತನ್ನ ತವರಿಗೆ ಹೋಗಿದ್ದಳು. ಹೋಗುವಾಗ ಕೇಬಲ್‌ನವರಿಗೆ ಫೋನ್ ಮಾಡಿ, ಬಂದು ನೋಡಿ ಎಂದು ತಾನೇ ಹೇಳಿದ್ದಳು. ಅವರು ಬಂದು ಡಬ್ಬದ ಬಾಗಿಲು ತೆಗೆದರು. ಡಬ್ಬ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಡಬ್ಬ ನೋಡಿದರು.

"ಎಂಥದ್ರೀ ಇದು, ಜೈಲಾ?"

"ಹಿಟ್ಟು ತಾಗ್ದಂಗೆ ಇಡಿ ಅಂದಿದ್ರಲ್ರೀ."

"ಹಿಟ್ಟೂ ಒಳಗೆ ಹೋಗಲ್ಲ, ನೆಟ್ಟೂ ಹೊರಗೆ ಬರಲ್ಲ. ತಗಡು ಮಾರಾಯ್ರೆ ಇದು! ಸಿಗ್ನಲ್ ಹೆಂಗೆ ದಾಟ್ತದೆ?"

"ನನ್ನ ಫೋನಿಗೆ ಬರ್ತದಲ್ಲ."

"ನೀವು ಅದರ ಬುಡದಲ್ಲೇ ಕೂರ್ತೀರಿ. ಸಂದೀಲಿ ಸೋರಿದ್ದೇ ನಿಮಗೆ ಸಾಕು."

ಅವರು ರೂಟರನ್ನು ಹೊರಗೆ ತೆಗೆದು ಡಬ್ಬದ ಮೇಲೆಯೇ ಕೂರಿಸಿ, ಕೋಲುಗಳನ್ನು ನೆಟ್ಟಗೆ ನಿಲ್ಲಿಸಿ, ತಮ್ಮ ಫೋನು ಹಿಡಿದು ತಂಗಿಯ ಕೋಣೆಗೆ ಹೋದರು. ಅಲ್ಲಿಂದಲೇ ಕೂಗಿದರು, "ಬನ್ನಿ, ನೋಡಿ!" ಯಾವುದೋ ವಿಡಿಯೊ ನೀರು ಹರಿದ ಹಾಗೆ ಓಡುತ್ತಿತ್ತು.

"ಹೊಸದು ಗಿಸದು ಎಂಥ ಬೇಡ. ವೈರ್ ಎಳೆದು ಕೊಡ್ತೀನಿ, ಇದನ್ನೇ ನಡುಮನೇಲಿ ಇಟ್ಕೊಳ್ಳಿ."

ಹೂಂ ಎಂದಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಂಗಿಯ ಹೊಸ ಫೋನು ಕಣ್ಣ ಮುಂದೆ ಬಂತು. ಡಬ್ಬ, ಡಬ್ಬ ಎಂದು ನಾನು ಹೀಯಾಳಿಸಿದ ದಿನಗಳು ನೆನಪಿಗೆ ಬಂದವು. ಹೆಂಡತಿ ಇನ್ನು ಹತ್ತು ವರ್ಷ ಇದನ್ನೇ ಹೇಳುತ್ತಾಳೆ ಎನ್ನುವುದೂ ತಲೆಗೆ ಬಂತು. ನಾನು ಬಾಯಿ ತೆರೆದಾಗ ಹೊರಬಂದದ್ದು ಬೇರೆಯೇ ಮಾತು.

"ಬೇಡ್ರೀ, ಹೊಸದೇ ಹಾಕಿ. ನಾಲ್ಕು ಕೋಲಿಂದು. ಮನೆಯವ್ರು ಆಸೆಪಟ್ಟಾರೆ."

ಅವರು ನನ್ನನ್ನು ಒಂದು ಥರ ನೋಡಿದರು. "ನಿಮ್ಮಿಷ್ಟ. ಶಿವಮೊಗ್ಗದಿಂದ ಬರಬೇಕು, ಎರಡು ಮೂರು ವಾರ ಆಗ್ತದೆ. ಅಲ್ಲೀವರೆಗೆ ಇದನ್ನ ಹೊರಗೇ ಇಡಿ."

ಅವರು ಓಣಿಯ ತಿರುವು ದಾಟಿದ ಮೇಲೆ ನಾನು ಕೋಲುಗಳನ್ನು ಮಡಚಿ ರೂಟರನ್ನು ಮತ್ತೆ ಡಬ್ಬದೊಳಗೆ ಇಟ್ಟು ಬಾಗಿಲು ಹಾಕಿದೆ. ಹೊರಗಿಟ್ಟರೆ ಅಂದು ಸಂಜೆಯೇ ಚಿತ್ರ ಸರಿಹೋಗುತ್ತದೆ, ಯಾಕೆ ಸರಿಹೋಯಿತು ಎಂದು ಕೇಳುತ್ತಾರೆ. ನಾಲ್ಕು ಕೋಲಿನದು ಬಂದು ನಡುಮನೆಯಲ್ಲಿ ಕುಳಿತ ಮೇಲೆ ಸರಿಹೋದರೆ ಎಲ್ಲ ಹೊಸ ರೂಟರಿನ ಮಹಿಮೆ. ಮೂರು ವಾರ ತಾನೇ, ತಡೆದುಕೊಳ್ಳಲಿ ಎಂದುಕೊಂಡೆ. ತಡೆದುಕೊಳ್ಳಬೇಕಾದವಳು ತಂಗಿ. ಲೆಕ್ಕ ಹಾಕಿದವನು ನಾನು.

"ಹೊಸದು ಬರ್ತಾ ಐತೆ," ಎಂದು ಸಂಜೆ ಹೇಳಿದಾಗ ಹೆಂಡತಿ ನನಗೆ ಎರಡು ಮಿರ್ಚಿ ಬಜ್ಜಿ ಹೆಚ್ಚು ಹಾಕಿದಳು. ತಿಂದೆ.

ಆಗ ಉಳವಿಯ ಗೆಳತಿಗೆ ಹೆಣ್ಣು ಮಗುವಾಗಿತ್ತು. ತೊಟ್ಟಿಲಿಗೆ ಹಾಕುವ ಶಾಸ್ತ್ರದ ಮಾತು ನಡೆದಿತ್ತು. ತಂಗಿ ಹಳೆ ಸೀರೆಗಳನ್ನು ಜೋಡಿಸಿ ಮಗುವಿಗೆ ಪುಟ್ಟ ಕೌದಿ ಹೊಲಿಯಲು ಕುಳಿತಳು. ಮೂರು ಗಂಟೆಯಾದರೆ ಫೋನು ಹಿಡಿದು ಮನೆಯೆಲ್ಲ ತಿರುಗುತ್ತಾ, ಕೊನೆಗೆ ಗಿರಣಿಗೂ ಮನೆಗೂ ನಡುವಿನ ಹೊಸ್ತಿಲ ಮೇಲೆ ನಿಲ್ಲುತ್ತಿದ್ದಳು. ಅಲ್ಲಿ ಒಂದಿಷ್ಟು ಚಿತ್ರ ಬರುತ್ತಿತ್ತು, ತಲೆಯ ಮೇಲೆ ಹಿಟ್ಟೂ ಬೀಳುತ್ತಿತ್ತು. ಬೆಳ್ಳಗಾದ ಕೂದಲಲ್ಲಿ ಅವಳು ನಗುತ್ತಾ ಕೈ ಬೀಸುವುದನ್ನು ಗಿರಾಕಿಗಳು ನೋಡುತ್ತಿದ್ದರು. ನಾನು ಗಿರಣಿಯ ಬಾಯಿಗೆ ಜೋಳ ಸುರಿಯುತ್ತಾ ಬೇರೆ ಕಡೆ ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಹೀಗೇ ಮಾತಿನ ನಡುವೆ ಚಿತ್ರ ನಿಂತು ಕರೆ ಕಡಿದುಹೋಯಿತು. ತಂಗಿ ನನ್ನ ಕಡೆ ತಿರುಗಿ ಭುಜ ಹಾರಿಸಿ ಒಳಗೆ ಹೋದಳು. ಮರುದಿನ ಮೂರಕ್ಕೆ ಉಳವಿಯಿಂದ ಕರೆ ಬರಲಿಲ್ಲ. ಇವಳು ಮಾಡಿದರೆ ಅವಳು ಎತ್ತಲಿಲ್ಲ. ಬರೆದು ಕೇಳಿದರೆ 'ಕೆಲಸ' ಎಂದು ಒಂದು ಪದ ಬಂತು. ಬಾಣಂತಿಗೆ ಪುರುಸೊತ್ತು ಎಲ್ಲಿ ಎಂದು ಹೆಂಡತಿ ಸಮಾಧಾನ ಮಾಡಿದಳು. ಇನ್ನೊಂದು ವಾರಕ್ಕೆ ತಂಗಿ ಗಿರಣಿಗೆ ಬಂದು ಫೋನನ್ನು ನನ್ನ ಮುಖಕ್ಕೆ ಹಿಡಿದಳು. ಗೆಳತಿಯ ಸ್ಟೇಟಸ್ಸಿನಲ್ಲಿ ಹೂ ಸುತ್ತಿದ ತೊಟ್ಟಿಲು, ಅದರ ಸುತ್ತ ಉಳವಿಯ ಹೆಂಗಸರು. ಶಾಸ್ತ್ರ ಮುಗಿದೇ ಹೋಗಿತ್ತು. ಇವಳಿಗೆ ದಿನವನ್ನೂ ಹೇಳಿರಲಿಲ್ಲ.

ನಾನೇನು ತಪ್ಪು ಮಾಡಿದೆ ಎಂದು ತಂಗಿ ಕೈಯಲ್ಲಿ ಕೇಳಿದಳು. ನನ್ನ ಎರಡೂ ಕೈ ಹಿಟ್ಟಿನ ಚೀಲದಲ್ಲಿದ್ದವು. ಅದೇ ನೆಪವಾಯಿತು, ಕೈ ಹೊರಗೆ ತೆಗೆಯದೆ ಹಿಟ್ಟು ತುಂಬುತ್ತಲೇ ಇದ್ದೆ.

ಆಮೇಲೆ ಮೂರು ಗಂಟೆಗೆ ಅವಳು ಮೊರ ಹಿಡಿದು ಅಕ್ಕಿ ಆರಿಸಲು ಕೂರತೊಡಗಿದಳು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದಳು. ಗಿರಣಿಯ ಸದ್ದಿಗೆ ಒಗ್ಗಿಹೋದ ನಮಗೆ ಅವಳ ಕೈ ಸುಮ್ಮನಾದದ್ದು ಮಾತ್ರ ದೊಡ್ಡದಾಗಿ ತಿಳಿಯುತ್ತಿತ್ತು.

ಅದಾಗಿ ಮೂರನೆಯ ಸೋಮವಾರ ಬೆಳಿಗ್ಗೆ ಕೇಬಲ್‌ನವರು ರಟ್ಟಿನ ಪೆಟ್ಟಿಗೆ ಬಗಲಲ್ಲಿ ಇಟ್ಟುಕೊಂಡು ಬಂದರು. "ನಾಲ್ಕು ಕೋಲಿನ ಸಾಹೇಬ್ರು ಬಂದ್ರು ನೋಡಿ!" ನಾನು ತಂಗಿಯನ್ನು ಕರೆದು, ಇನ್ನು ಚಿತ್ರ ನಿಲ್ಲುವುದಿಲ್ಲ ಎಂದು ಸನ್ನೆಯಲ್ಲಿ ಹೇಳಿದೆ. ಅವಳು ಪೆಟ್ಟಿಗೆಯನ್ನು ನೋಡಿದಳು. ಒಳ್ಳೆಯದು ಎಂದು ತಲೆಯಾಡಿಸಿ, ಕೈಯಲ್ಲಿ ನಿಧಾನಕ್ಕೆ ಕೇಳಿದಳು. ಯಾರ ಜೊತೆ ಮಾತಾಡಲಿ?

ಮೂರು ವಾರ ನಾನು ಹೊಸ ರೂಟರು ಬಂದರೆ ಏನಾಗುತ್ತದೆ ಎಂದು ಎಷ್ಟು ಸಲ ಯೋಚಿಸಿದ್ದೆನೋ, ಆದರೆ ಆ ಕಡೆ ಯಾರೂ ಇಲ್ಲದಿರಬಹುದು ಎಂದು ಒಂದು ಸಲವೂ ಹೊಳೆದಿರಲಿಲ್ಲ.

ಕೇಬಲ್‌ನವರು ಏಣಿ ಆನಿಸುತ್ತಿದ್ದರು. ಅವರ ತೋಳು ಹಿಡಿದು ಪಕ್ಕಕ್ಕೆ ಕರೆದೆ. "ಇದು ಬೇಡ. ವಾಪಸ್ ತಗೊಂಡು ಹೋಗಿ. ಹಳೇದನ್ನೇ ನಡುಮನೇಲಿ ಹಾಕಿ."

"ಡಬ್ಬದ ವಿಷಯ ಇನ್ನೂ ಹೇಳಿಲ್ವಾ ನೀವು?"

"ಇಲ್ಲ."

"ಹೇಳಿಬಿಡಿ ಮಾರಾಯ್ರೆ. ಹೆಚ್ಚಂದ್ರೆ ಬೈತಾರೆ."

ಅವರು ವೈರ್ ಎಳೆಯುತ್ತಿರುವಾಗಲೇ ನಾನು ತಂಗಿಗೆ ಸೀರೆ ಬದಲಿಸು, ಉಳವಿಗೆ ಹೋಗೋಣ ಎಂದೆ. ಅವಳು ಬೇಡವೆಂದಳು. ಹೆಂಡತಿ ಕೌದಿಯನ್ನು ಚೀಲಕ್ಕೆ ತುರುಕಿ ಅವಳ ಕೈಗೆ ಕೊಟ್ಟು, ಬೆನ್ನಿಗೆ ಕೈ ಹಾಕಿ ಹೊರಗೆ ತಳ್ಳಿದಳು. ಸೊರಬದವರೆಗೆ ಒಂದು ಬಸ್ಸು, ಅಲ್ಲಿಂದ ಉಳವಿಗೆ ಇನ್ನೊಂದು. ದಾರಿಯಲ್ಲೇ ಹೇಳಿಬಿಡಬೇಕೆಂದು ಎರಡು ಮೂರು ಸಲ ಕೈ ಎತ್ತಿದೆ. ಒಮ್ಮೆ ಕಂಡಕ್ಟರ್ ನನಗೆ ಇಳಿಯಬೇಕೆಂದುಕೊಂಡು ಸೀಟಿ ಊದಿದ. ಬಸ್ಸು ನಿಂತಿತು. ನಾನು ಇಳಿಯಲಿಲ್ಲ. ಬಸ್ಸಿನವರೆಲ್ಲ ನನ್ನನ್ನು ನೋಡಿದರು. ಆಮೇಲೆ ಕೈ ಎತ್ತುವ ಧೈರ್ಯ ಬರಲಿಲ್ಲ.

ಉಳವಿಯ ಮನೆಯ ಜಗಲಿಯಲ್ಲಿ ಗೆಳತಿಯ ಅತ್ತೆ ಕುಳಿತಿದ್ದರು. ಅವರಿಗೆ ಕಿವಿಯೂ ಚುರುಕು, ನಾಲಗೆಯೂ ಚುರುಕು.

"ಓಹೋ, ಈಗ ಬಂದ್ರಾ? ಶಾಸ್ತ್ರಕ್ಕೆ ಬರಲ್ಲ ಅಂದೋರು?"

"ಯಾರಮ್ಮಾ ಹಂಗಂದೋರು?"

"ಮತ್ಯಾರು, ನಿಮ್ಮ ತಂಗಿನೇ. ಬರ್ತೀಯಾ ಅಂತ ಇವಳು ಫೋನಲ್ಲಿ ಕೇಳಿದ್ರೆ ಹಿಂಗೆ ಕೈ ಅಡ್ಡ ಹಿಡಿದು ಕೂತಿದ್ಲಂತೆ. ಹಿಡಿದ ಕೈ ಇಳಿಸ್ಲೇ ಇಲ್ವಂತೆ. ನಮ್ಮ ಸೊಸೆ ಎರಡು ದಿನ ನೆಟ್ಟಗೆ ಊಟ ಮಾಡಿಲ್ಲ."

ಗೆಳತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು. ನಗಲಿಲ್ಲ. ಒಂದು ಅಂಗೈಯನ್ನು ನನ್ನ ತಂಗಿಯ ಮುಖದ ಮುಂದೆ ಅಡ್ಡ ಹಿಡಿದು ಹಾಗೇ ನಿಂತಳು.

ನನಗೆ ತಕ್ಷಣ ಅರ್ಥವಾಯಿತು. ಇವರಿಬ್ಬರ ಕೈಮಾತಿನಲ್ಲಿ 'ಬರುತ್ತೇನೆ' ಎನ್ನಲು ಅಂಗೈಯನ್ನು ಮುಂದಕ್ಕೆ ಚಾಚಿ, ಆಮೇಲೆ ಎದೆಯ ಕಡೆಗೆ ಎಳೆದುಕೊಳ್ಳುತ್ತಾರೆ. ಬರೀ ಚಾಚಿ ಹಿಡಿದರೆ 'ಬೇಡ'. ತಂಗಿಯ ಕೈ ಚಾಚಿದಲ್ಲಿಗೆ ಚಿತ್ರ ನಿಂತಿತ್ತು. ಎಳೆದುಕೊಂಡ ಅರ್ಧ ನಮ್ಮ ಗಿರಣಿಯ ಡಬ್ಬದೊಳಗೇ ಉಳಿದಿತ್ತು. ಅದೂ ನಾನು ಎಲ್ಲ ಗೊತ್ತಾಗಿ ಬಾಗಿಲು ಹಾಕಿದ ನಂತರದ ದಿನಗಳಲ್ಲಿ.

ತಂಗಿ ಗಾಬರಿಯಿಂದ, ಬರುತ್ತೇನೆ, ಬರುತ್ತೇನೆ ಎಂದು ಮತ್ತೆ ಮತ್ತೆ ಎದೆಗೆ ಕೈ ಎಳೆದುಕೊಂಡು ತೋರಿಸುತ್ತಿದ್ದಳು. ಗೆಳತಿ ನಂಬಲೋ ಬೇಡವೋ ಎಂದು ನಿಂತಿದ್ದಳು. ನಾನು ಇಬ್ಬರ ನಡುವೆ ಹೋಗಿ ನಿಂತೆ. ಗಾಳಿಯಲ್ಲಿ ಚೌಕ ಡಬ್ಬ ಬರೆದೆ. ಎರಡು ಬೆರಳನ್ನು ಕೋಲಿನ ಹಾಗೆ ನಿಲ್ಲಿಸಿ, ಮಡಚಿ, ಒಳಗಿಟ್ಟು, ಬಾಗಿಲು ಹಾಕಿದೆ. ಫೋನು ತೋರಿಸಿದೆ, ಕೈ ಚಾಚಿ ಕಲ್ಲಿನ ಹಾಗೆ ನಿಂತುಬಿಟ್ಟೆ. ಗೆಳತಿಗೆ ಮೊದಲು ತಿಳಿಯಿತು. ಹಣೆ ಚಚ್ಚಿಕೊಂಡು, ಮಗುವಿನ ಸಮೇತ ಬಂದು ನನ್ನ ತಂಗಿಯನ್ನು ಅಪ್ಪಿಕೊಂಡಳು. ನನ್ನ ಡಬ್ಬವನ್ನು ತಾನೂ ಗಾಳಿಯಲ್ಲಿ ಬರೆದು, ತಲೆಗೆ ಬೆರಳು ತಿರುಗಿಸಿ ನಕ್ಕಳು.

ತಂಗಿಯೂ ಅರ್ಧ ನಕ್ಕಳು. ಆಮೇಲೆ ನನ್ನನ್ನು ನೋಡಿ ಒಂದೇ ಪ್ರಶ್ನೆ ಕೇಳಿದಳು. ಯಾವಾಗ ಗೊತ್ತಾಯಿತು?

ಇವತ್ತು ಎಂದು ತೋರಿಸಬಹುದಿತ್ತು. ಅವಳು ನಂಬುತ್ತಿದ್ದಳು. ನಾನು ಮೂರು ಬೆರಳು ಎತ್ತಿದೆ. ಮೂರು ವಾರ. ಆಮೇಲೆ, ಹೊರಗೆ ತೆಗೆದದ್ದನ್ನು ನಾನೇ ಮತ್ತೆ ಒಳಗಿಟ್ಟೆ ಎಂದೂ ತೋರಿಸಿದೆ. ಅವಳ ಮುಖದ ನಗು ಹೋಯಿತು. ನಾನು ತಲೆ ತಗ್ಗಿಸಿದೆ.

"ಎಂಥದ್ರೀ ಅದು ಬರೀ ಕೈ ಕುಣಿಸೋದು? ಬಾಯಿಬಿಟ್ಟು ಹೇಳ್ರೀ, ನಂಗೂ ತಿಳೀಲಿ," ಎಂದರು ಅತ್ತೆ.

ತಂಗಿ ನನ್ನ ಗದ್ದ ಹಿಡಿದು ಮೇಲೆತ್ತಿ, ತುಟಿ ಕಾಣುವ ಹಾಗೆ ತನ್ನ ಕಡೆಗೆ ತಿರುಗಿಸಿಕೊಂಡಳು. ನಾನು ನಿಧಾನಕ್ಕೆ, ಒಂದೊಂದೇ ಮಾತು ಬಿಡಿಸಿ ಹೇಳಿದೆ.

"ತಪ್ಪಾತು ಕಣವ್ವಾ. ಡಬ್ಬದಾಗೆ ಇಟ್ಟಿದ್ದು ಗೊತ್ತಿಲ್ದೆ ಮಾಡಿದ್ದು. ಗೊತ್ತಾದ ಮೇಲೂ ಮತ್ತೆ ಒಳಗೆ ಇಟ್ನಲ್ಲ, ಅದು ಬೇಕಂತ್ಲೇ ಮಾಡಿದ್ದು, ನನ್ನ ಮರ್ಯಾದಿ ಉಳೀಲಿ ಅಂತ. ನೀನೇನೂ ತಪ್ಪು ಮಾಡಿಲ್ಲ. ನಾನು ಮಾಡಿದ್ದು. ತಪ್ಪಾತು."